ಸುಟ್ಟಾಗ ಚೆನ್ನಾಗಿದ್ದ ಶಿಲ್ಪ ಈಗ ದಿನಕ್ಕೊಂದು ಚೂರು ಉದುರ್ತಾ ಇದೆ, ಯಾಕೆ?

ಹೊಳೆಬದಿ (ಉಡುಪಿ) | ಜೂನ್ 22, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗ್ತದೆ, ಬೈಬೇಡಿ.

ನಾನು ಬ್ಯಾಂಕಿನ ಕೆಲಸದವಳು, ಮಣ್ಣಿನ ಕೆಲಸ ಏನಿದ್ದರೂ ಭಾನುವಾರ. ಹೋದ ವರ್ಷ ಅಜ್ಜಿ ತೀರಿಕೊಂಡರು. ಅವರ ಮನೆ ಉದ್ಯಾವರ ಹೊಳೆಯ ಬದಿಯಲ್ಲಿ. ನೀರು ಇಳಿದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ಹೊಳೆಗೆ ಇಳಿದು, ಕಾಲಲ್ಲೇ ತಡಕಾಡಿ ಮರುವಾಯಿ (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಿದ್ದರು. ಕಣ್ಣು ದಡದಲ್ಲಿದ್ದ ನಮ್ಮ ಮೇಲೆ, ಬಾಯಿ ಪಕ್ಕದ ಮನೆಯವರ ಹತ್ತಿರ, ಕಾಲು ಮಾತ್ರ ಕೆಸರಿನೊಳಗೆ ತನ್ನ ಪಾಡಿಗೆ ಕೆಲಸ ಮಾಡ್ತಾ ಇರ್ತಿತ್ತು. ಅಜ್ಜಿ ಅಂದರೆ ನನಗೆ ಮುಖಕ್ಕಿಂತ ಮೊದಲು ಆ ಕಾಲು ನೆನಪಾಗುವುದು.

ಹಾಗಾಗಿ ಕಾಲನ್ನೇ ಮಾಡಿದೆ. ಕೆಸರಲ್ಲಿ ಹೂತ ಎರಡು ಪಾದ, ಮೊಣಕಾಲಿನ ಕೆಳಗಿನವರೆಗೆ, ಒಂದೂವರೆ ಅಡಿ ಎತ್ತರ. ಮಣ್ಣು ಅಜ್ಜಿ ಮನೆಯ ಗದ್ದೆಯದ್ದೇ. ಸುತ್ತ ಕೆಸರಿನ ಭಾಗಕ್ಕೆ ಅದೇ ಹೊಳೆಯ ಮರುವಾಯಿ ಚಿಪ್ಪುಗಳನ್ನು ಒತ್ತಿ ಕೂರಿಸಿದೆ. ಕೆಲವನ್ನು ಪುಡಿ ಮಾಡಿ ಮಣ್ಣಿಗೂ ಕಲಸಿದೆ. ಮೂರು ವಾರ ಒಣಗಿಸಿ ಮಂಗಳೂರಿನ ಗೆಳತಿಯ ವಿದ್ಯುತ್ ಗೂಡಿನಲ್ಲಿ 980 ಡಿಗ್ರಿಗೆ ಸುಟ್ಟದ್ದು. ತೆಗೆದಾಗ ಚಂದ ಇತ್ತು ಮಾರಾಯ್ರೆ, ಒಳ್ಳೆ ಹಂಚಿನ ಬಣ್ಣ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಉಡುಪಿಗೆ ತಂದೆ.

ಐದನೇ ರಾತ್ರಿ ಹಾಲ್‌ನಿಂದ ‘ಟಕ್’ ಅಂತ ಸದ್ದು. ಹಲ್ಲಿ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಿಂದ ಒಂದು ರೂಪಾಯಿ ನಾಣ್ಯದಷ್ಟು ಚಕ್ಕೆ ಹಾರಿದೆ. ಗುಂಡಿಯ ಮಧ್ಯದಲ್ಲಿ ಒಂದು ಬಿಳಿ ಚುಕ್ಕೆ. ಆಮೇಲೆ ದಿನಾ ಒಂದೋ ಎರಡೋ. ನಿನ್ನೆ ಬಲಗಾಲಿನ ಹೆಬ್ಬೆರಳು ಹೋಯಿತು. ಒತ್ತಿದ ಚಿಪ್ಪುಗಳು ಬೆರಳು ತಾಗಿಸಿದರೆ ಹಿಟ್ಟು.

ನಾನು ತಪ್ಪಿದ್ದು ಎಲ್ಲಿ? ಉಳಿದದ್ದನ್ನಾದರೂ ಉಳಿಸಿಕೊಳ್ಳಲಿಕ್ಕೆ ಆಗ್ತದಾ?

ಬಂಗುಡೆ_ಪುಳಿಮುಂಚಿ | ರಾತ್ರಿ 10.52

ಗಾಳಿ ಗುಳ್ಳೆ. ಮಣ್ಣು ಸರಿ ನಾದಲಿಲ್ಲ ನೀವು.

ಗೂಡುಸುಡುಗಾಡು (ಮಂಗಳೂರು) | ರಾತ್ರಿ 11.05

ಗಾಳಿ ಗುಳ್ಳೆ ಅಲ್ಲವೇ ಅಲ್ಲ. ಸುಟ್ಟು ಐದು ದಿನ ಆದ ಮೇಲೆ ಗಾಳಿ ಗುಳ್ಳೆಗೆ ಎಂತ ಕೆಲಸ? ಗುಂಡಿಯಲ್ಲಿ ಬಿಳಿ ಚುಕ್ಕೆ ಅಂತ ಅವರೇ ಬರೆದಿದ್ದಾರಲ್ಲ. ಅದು ಸುಣ್ಣ.

ಹೊಳೆಬದಿ ಅಕ್ಕ, ನಿಮ್ಮ ಅಜ್ಜಿ ಎಲೆ ಅಡಿಕೆ ಹಾಕ್ತಿದ್ದರಾ? ಆ ಸುಣ್ಣ ಹೇಗೆ ಆಗುವುದು ನೆನಪು ಮಾಡಿ. ಚಿಪ್ಪನ್ನು ಗೂಡಿಗೆ ಹಾಕಿ ಸುಡ್ತಾರೆ, ಮೇಲೆ ನೀರು ಚಿಮುಕಿಸ್ತಾರೆ, ಬುಸ್ ಅಂತ ಬಿಸಿಯಾಗಿ ಉಬ್ಬಿ ಪುಡಿಯಾಗ್ತದೆ. ನೀವು ಮಾಡಿದ್ದೂ ಅದನ್ನೇ, ಮಣ್ಣಿನೊಳಗೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 850 ಡಿಗ್ರಿ ದಾಟಿದರೆ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳೀತದೆ. ಗೂಡಿನಿಂದ ತೆಗೆದಾಗ ಎಲ್ಲ ಸರಿಯಾಗಿಯೇ ಕಾಣುವುದು. ಆಮೇಲೆ ಆ ಸುಣ್ಣ ಗಾಳಿಯ ತೇವ ಕುಡೀತದೆ. ಉಡುಪಿಯ ಜೂನ್ ತಿಂಗಳಲ್ಲಿ ಕುಡಿಯಲಿಕ್ಕೆ ಏನೂ ಕಮ್ಮಿ ಇಲ್ಲ! ಕುಡಿದು ಉಬ್ಬಿದಾಗ ಮೇಲಿನ ಮಣ್ಣನ್ನು ದೂಡ್ತದೆ. ಅದೇ ನಿಮ್ಮ ‘ಟಕ್’.

ಬೇಸರ ಮಾಡಬೇಡಿ, ನೀವು ಶಿಲ್ಪ ಮಾಡಲಿಕ್ಕೆ ಹೋಗಿ ಸುಣ್ಣದ ಭಟ್ಟಿ ಮಾಡಿದ್ದೀರಿ.

ಹೊಳೆಬದಿ | ರಾತ್ರಿ 11.20

ಅಯ್ಯೋ ದೇವರೇ. ಅಜ್ಜಿಯ ಸುಣ್ಣದ ಡಬ್ಬಿ ಈಗಲೂ ನನ್ನ ಹತ್ತಿರ ಉಂಟು. ಅದನ್ನು ನೋಡ್ತಾ ನೋಡ್ತಾ ಈ ಕೆಲಸ ಮಾಡಿದವಳು ನಾನು.

ಬಂಗುಡೆ_ಪುಳಿಮುಂಚಿ | ರಾತ್ರಿ 11.24

ಆದರೂ ಗಾಳಿ ಗುಳ್ಳೆ ಇದ್ದರೆ ಸುಡುವಾಗ ಸ್ಫೋಟ ಆಗ್ತದೆ. ನಮ್ಮ ಸರ್ ಹೇಳಿಕೊಟ್ಟದ್ದು ಹಾಗೇ.

ಕಡಲಾಮೆ (ಸುರತ್ಕಲ್) | ಜೂನ್ 23, ಬೆಳಿಗ್ಗೆ 6.15

ಈ ಗುಳ್ಳೆ ಕತೆ ಎಲ್ಲ ಸರ್‌ಗಳೂ ಹೇಳ್ತಾರೆ. ಒಡೆಯುವುದು ಗಾಳಿಯಿಂದ ಅಲ್ಲ, ನೀರಿನಿಂದ. ಒಣಗಿದ ಮಣ್ಣಿನೊಳಗೆ ಗಾಳಿ ಗುಳ್ಳೆ ಇದ್ದರೂ ಆ ಗಾಳಿ ಮಣ್ಣಿನ ರಂಧ್ರದಲ್ಲಿ ಹೊರಗೆ ಹೋಗ್ತದೆ. ಹಸಿ ಇದ್ದರೆ ಮಾತ್ರ ನೂರು ಡಿಗ್ರಿಯಲ್ಲಿ ಆವಿಯಾಗಿ, ಹೊರಗೆ ಬರಲಿಕ್ಕೆ ದಾರಿ ಸಾಲದೆ ಸಿಡೀತದೆ. ಗುಳ್ಳೆ ಇರುವ ಕಡೆ ಮಣ್ಣು ದಪ್ಪ, ದಪ್ಪ ಇರುವ ಕಡೆ ಹಸಿ ಜಾಸ್ತಿ, ಅದಕ್ಕೆ ಗುಳ್ಳೆಯ ಮೇಲೆ ಗೂಬೆ ಕೂರಿಸಿದ್ದು.

ನಾನು ಇದನ್ನು ಕಲಿತದ್ದು ಒಂದು ಆಮೆಯ ಲೆಕ್ಕದಲ್ಲಿ. ಸಣ್ಣವನಿರುವಾಗ ಒಮ್ಮೆ ಅಪ್ಪನ ಜೊತೆ ದಡದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡುವುದನ್ನು ನೋಡಿದ್ದೆ. ಅದರ ಉಸಿರಿನ ಸದ್ದು ತಲೆಯಲ್ಲಿ ಕೂತಿತ್ತು, ನಲವತ್ತು ವರ್ಷದ ನಂತರ ಮಣ್ಣಲ್ಲಿ ಮಾಡಿದೆ. ಜುಲೈ ತಿಂಗಳು. ಹೊಟ್ಟೆ ಟೊಳ್ಳು ಮಾಡಿರಲಿಲ್ಲ, ಎರಡು ವಾರ ಒಣಗಿಸಿ ಸಾಕು ಅಂದುಕೊಂಡೆ. ಗೂಡು ತೆರೆದಾಗ ಆಮೆಯೂ ಇಲ್ಲ, ಪಕ್ಕದಲ್ಲಿ ಇಟ್ಟಿದ್ದ ಬೇರೆಯವರ ನಾಲ್ಕು ಹೂದಾನಿಯೂ ಇಲ್ಲ. ಹೂದಾನಿಯವರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಈಗ ಕೆನ್ನೆಗೆ ತಾಗಿಸಿ ನೋಡ್ತೇನೆ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ ಅಂತ.

ಬಚ್ಚಲು_ಹಂಡೆ | ಬೆಳಿಗ್ಗೆ 7.02

ಮಳೆಗಾಲಕ್ಕೆ ನಮ್ಮದು ಸುಲಭ ಉಪಾಯ. ಬಚ್ಚಲು ಒಲೆಯ ಮೇಲಿನ ಅಟ್ಟ. ಕೊಬ್ಬರಿ ಒಣಗಿಸುವ ಜಾಗದಲ್ಲಿ ಶಿಲ್ಪ. ಅತ್ತೆ ಮೊದಲು ಬೈದರು, ಈಗ ಅವರೇ ತಿರುಗಿಸಿ ಇಡ್ತಾರೆ. ಪೂರ್ತಿ ತೆರೆದು ಇಡಬೇಡಿ ಅಷ್ಟೆ. ಕೈಬೆರಳು, ಕಿವಿ ಅಂಥ ತೆಳು ಭಾಗ ಮೊದಲು ಒಣಗಿ ಬಿರುಕು ಬಿಡ್ತದೆ. ಅದಕ್ಕೆ ಮಾತ್ರ ಪ್ಲಾಸ್ಟಿಕ್ ಸುತ್ತಿ.

ಓಡು_ಮಾಡು (ಜೆಪ್ಪು) | ಬೆಳಿಗ್ಗೆ 9.30

ಗೂಡಿನವರು ಹೇಳಿದ್ದು ಸರಿ. ನಾನು ಒಂದು ಹಂಚಿನ ಕಾರ್ಖಾನೆಯಲ್ಲಿ 31 ವರ್ಷ ಇದ್ದವ. ಕಾರ್ಖಾನೆ ಈಗ ಇಲ್ಲ. ಹೊಳೆಬದಿಯ ಮಣ್ಣಿನಲ್ಲಿ ಈ ಚಿಪ್ಪಿನ ಕಾಟ ಯಾವಾಗಲೂ ಇದ್ದದ್ದೇ. ನೇತ್ರಾವತಿ, ಗುರುಪುರ ಹೊಳೆಗಳ ಕಡೆಯ ಮಣ್ಣು ಬರುವುದು, ಸಮುದ್ರದ ಹತ್ತಿರ ಹತ್ತಿರ ಬಂದ ಹಾಗೆ ಚಿಪ್ಪು ಜಾಸ್ತಿ. ಬೇರೆ ಬೇರೆ ಕಡೆಯ ಮಣ್ಣು ಬೆರೆಸಿ, ಅರೆದು, ಆಮೇಲೆ ಅಚ್ಚಿಗೆ. ಎಷ್ಟು ಜಾಗ್ರತೆ ಮಾಡಿದರೂ ಕೆಲವು ಹಂಚಿನ ಮೇಲೆ ಮಳೆಗಾಲದಲ್ಲಿ ಬಿಳಿ ಕಣ್ಣು ಬಿಡ್ತಿತ್ತು.

ಎರಡು ಮಾತು ತಿಳಿದಿರಲಿ. ಒಂದು, ಚಿಪ್ಪು ದೊಡ್ಡದಿದ್ದಷ್ಟು ಅಪಾಯ. ಗೋಧಿ ಹಿಟ್ಟಿನ ಹಾಗೆ ನುಣ್ಣಗೆ ಅರೆದರೆ ಅಷ್ಟು ದೂಡುವುದಿಲ್ಲ, ಮಣ್ಣಿನಲ್ಲಿ ಹಂಚಿಹೋಗ್ತದೆ. ನೀವು ಪುಡಿ ಅಂದದ್ದು ರವೆಯಷ್ಟು ಇದ್ದಿರಬೇಕು. ಇನ್ನೊಂದು, ಗೂಡಿನಿಂದ ತೆಗೆದ ಕೂಡಲೇ ನೀರಿನಲ್ಲಿ ಮುಳುಗಿಸುವ ಕ್ರಮ ಇಟ್ಟಿಗೆಯವರಲ್ಲಿ ಉಂಟು. ಸುಣ್ಣ ಒಮ್ಮೆಲೇ ನೀರು ಕುಡಿದು ಮೆತ್ತಗೆ ಹಿಟ್ಟಾದರೆ ರಂಧ್ರದೊಳಗೇ ಹರಡ್ತದೆ, ದೂಡುವ ಬಲ ಕಮ್ಮಿ. ನಿಧಾನ ಆವಿ ಕುಡಿದದ್ದೇ ಕೆಟ್ಟದ್ದು. ನಿಮ್ಮದಕ್ಕೆ ತಡ ಆಗಿದೆ, ಆದರೂ ಎರಡು ದಿನ ಬಕೆಟ್ಟಿನಲ್ಲಿ ಮುಳುಗಿಸಿ ಇಡಿ. ಹಾರುವಂಥದ್ದು ಹಾರಿ ಮುಗಿಯಲಿ. ಆಮೇಲೆ ಒಣಗಿಸಿ ಅಂಟು ಹಾಕಿ.

ಬಂಗುಡೆ_ಪುಳಿಮುಂಚಿ | ಬೆಳಿಗ್ಗೆ 9.41

ಸರ್, ಹಂಚಿಗೆ ಕೆಂಪು ಬರಲಿಕ್ಕೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಪುಡಿ ಹಾಕ್ತಾರಂತೆ ಹೌದಾ? ಬ್ರಿಟಿಷರ ಕಾಲದ ಗುಟ್ಟು ಅಂತ ಕೇಳಿದ್ದೆ.

ಓಡು_ಮಾಡು | ಬೆಳಿಗ್ಗೆ 10.10

ಗುಟ್ಟೂ ಇಲ್ಲ, ಬ್ರಿಟಿಷರೂ ಅಲ್ಲ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಬಾಸೆಲ್ ಮಿಶನ್ನಿನವರು. ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನದ್ದು, ಕಟ್ಟಿದ ಪ್ಲೆಬ್ಸ್ಟ್ ಜರ್ಮನಿಯವ. ಕೆಂಪು ಬರುವುದು ಮಣ್ಣಿನಲ್ಲೇ ಇರುವ ಕಬ್ಬಿಣದಿಂದ. ಗಾಳಿ ಸರಿಯಾಗಿ ಆಡಿದರೆ ಕೆಂಪು, ಹೊಗೆ ಕಟ್ಟಿದರೆ ಕಪ್ಪು. ಮುರಕಲ್ಲು ಕೆಂಪಾಗಿರುವುದೂ ಅದೇ ಕಬ್ಬಿಣದಿಂದ, ಅಷ್ಟೇ ಸಂಬಂಧ.

ಮಳಲಿ_ಗಾಳಿ | ಬೆಳಿಗ್ಗೆ 10.48

ಚಿಪ್ಪನ್ನು ಬಿಡಲಿಕ್ಕೆ ಮನಸ್ಸಿಲ್ಲದಿದ್ದರೆ ಉಪ್ಪು ನೀರಿನಲ್ಲಿ ಮಣ್ಣು ಕಲಸಿ. ಉಪ್ಪು ಇದ್ದರೆ ಸುಣ್ಣ ಸಿಡಿಯುವುದು ಕಮ್ಮಿ ಆಗ್ತದೆ. ಚಿಪ್ಪು ಬೆರೆತ ಮಣ್ಣಿಗೆ ಸಮುದ್ರದ ನೀರು ಹಾಕುವ ಪದ್ಧತಿ ದ್ವೀಪದ ಕಡೆಯ ಕುಂಬಾರರಲ್ಲಿ ಇದೆ.

ಗೂಡುಸುಡುಗಾಡು | ಬೆಳಿಗ್ಗೆ 11.00

ಮಾತು ಸರಿ, ಆದರೆ ವಿದ್ಯುತ್ ಗೂಡಿಗೆ ಉಪ್ಪು ಮಣ್ಣು ತಂದರೆ ನಾನು ಗೇಟು ತೆರೆಯುವುದಿಲ್ಲ. ಉಪ್ಪಿನ ಹೊಗೆ ಗೂಡು ಕಾಯಿಸುವ ತಂತಿಯ ಕಾಯಿಲ್ ತಿನ್ನುತ್ತದೆ. ಕಟ್ಟಿಗೆ ಗೂಡು ಇದ್ದವರು ಮಾಡಿ ನೋಡಿ. ಕಟ್ಟಿಗೆ ಬೆಂಕಿಯಲ್ಲಿ ಇನ್ನೊಂದು ಅನುಕೂಲ, 700 ಡಿಗ್ರಿ ಆಸುಪಾಸಿಗೆ ನಿಲ್ಲಿಸಿದರೆ ಚಿಪ್ಪು ಚಿಪ್ಪಾಗಿಯೇ ಉಳೀತದೆ. ಮಣ್ಣು ಗಟ್ಟಿ ಕಮ್ಮಿ, ಮುಟ್ಟುವಾಗ ಜಾಗ್ರತೆ ಬೇಕು.

ಹಳೆಕೊಟ್ಟಿಗೆ | ಮಧ್ಯಾಹ್ನ 12.15

ಕಟ್ಟಿಗೆ ಗೂಡಿಗೆ ಗೇರುಬೀಜದ ಸಿಪ್ಪೆ ಹಾಕಿದರೆ ಹೇಗೆ? ನಮ್ಮ ಹತ್ತಿರದ ಕಾರ್ಖಾನೆಯಲ್ಲಿ ಅಗ್ಗಕ್ಕೆ ಸಿಕ್ತದೆ.

ಬಚ್ಚಲು_ಹಂಡೆ | ಮಧ್ಯಾಹ್ನ 12.31

ಬೇಡ ಬೇಡ ಬೇಡ. ಆ ಎಣ್ಣೆಯ ಹೊಗೆ ಕಣ್ಣು ಮೂಗು ಬಿಡುವುದಿಲ್ಲ, ಮೈಗೆ ತಾಗಿದರೆ ಸುಲಿದು ಹೋಗ್ತದೆ. ಗೇರುಬೀಜ ಸುಲಿಯುವವರ ಕೈ ನೋಡಿದ್ದೀರಾ ಒಮ್ಮೆಯಾದರೂ?

ಮಣ್ಣುತಿನ್ನಿ (ಮಂಗಳೂರು, ಚಿತ್ರಕಲಾ ವಿದ್ಯಾರ್ಥಿ) | ಮಧ್ಯಾಹ್ನ 1.20

ಎಲ್ಲರೂ ರಿಪೇರಿಯ ಮಾತಾಡ್ತಿದ್ದೀರಿ. ನನಗೆ ಅನಿಸುವುದು ಬೇರೆ. ಹೊಳೆಬದಿ ಅಕ್ಕ, ಅದನ್ನು ಹಾಗೇ ಬಿಟ್ಟರೆ ಏನು? ನೆನಪು ಉದುರುವುದು ಹಾಗೇ ಅಲ್ವಾ? ದಿನಾ ಒಂದು ಫೋಟೊ ತೆಗೆಯಿರಿ. ಕೊನೆಗೆ ಉಳಿದದ್ದನ್ನು ಬಿದ್ದ ಚಕ್ಕೆಗಳ ಸಮೇತ ಪ್ರದರ್ಶನಕ್ಕೆ ಇಡಿ. ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ 2018ರಲ್ಲಿ ಭಾರತದ ಮೊದಲ ಸೆರಾಮಿಕ್ಸ್ ತ್ರೈವಾರ್ಷಿಕ ಪ್ರದರ್ಶನ ಆಯಿತಲ್ಲ. ಮಣ್ಣು ಅಂದರೆ ಮಡಕೆ, ಕಪ್ಪು, ಬಸಿ ಅನ್ನುವ ಲೆಕ್ಕ ಯಾವತ್ತೋ ಮುಗಿದಿದೆ. ಶಿಲ್ಪಿ ಹಿಮ್ಮತ್ ಷಾ ಅವರ ಸುಟ್ಟ ಮಣ್ಣಿನ ತಲೆಗಳನ್ನು ನೋಡಿ, ಯಾವುದೋ ಕಾಲದಲ್ಲಿ ಹೂತು ಹೋಗಿ ಮೇಲೆ ಬಂದ ಹಾಗೆ ಇರ್ತವೆ. ಅವರು ಹುಟ್ಟಿದ್ದೇ ಲೋಥಲ್‌ನಲ್ಲಿ. ಹರಪ್ಪ ಕಾಲದ ಊರಿನ ಮಣ್ಣು ಆಡಿ ಬೆಳೆದವರಿಗೆ ಒಡೆದ ಮೂಗು ತಪ್ಪು ಅಂತ ಅನಿಸುವುದಿಲ್ಲ.

ಬಚ್ಚಲು_ಹಂಡೆ | ಮಧ್ಯಾಹ್ನ 1.34

ದಿನಾ ಗುಡಿಸುವುದು ಯಾರು ತಮ್ಮಾ? ನೀನು ಬರ್ತೀಯಾ?

ಕಡಲಾಮೆ | ಮಧ್ಯಾಹ್ನ 1.50

ಷಾ ಅವರು ಬೇಕೆಂದೇ ಹಾಗೆ ಮಾಡಿದವರು, ಇವರದ್ದು ಗೊತ್ತಿಲ್ಲದೆ ಆದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆಕಸ್ಮಿಕವನ್ನೆಲ್ಲ ಕಲೆ ಅಂದರೆ ನನ್ನ ಆಮೆಯೂ ದೊಡ್ಡ ಕಲೆಯೇ. ಹೂದಾನಿಯವರಿಗೆ ಸ್ವಲ್ಪ ಹೇಳಿ.

ಮಣ್ಣುತಿನ್ನಿ | ಮಧ್ಯಾಹ್ನ 2.05

ಗೊತ್ತಿಲ್ಲದೆ ಆದದ್ದನ್ನು ಗುರುತಿಸಿ ಇಟ್ಟುಕೊಳ್ಳುವುದೂ ಕೆಲಸವೇ ಸರ್. ನನ್ನ ಮಾತಿಗೆ ನಾನು ಬದ್ಧ.

ತಿಗರಿ (ಕಾರ್ಕಳ ಕಡೆ) | ಸಂಜೆ 6.45

ಬೆಳಗ್ಗಿಂದ ಓದ್ತಾ ಇದ್ದೇನೆ. ಬೇಸರದಿಂದಲೇ ಬರೀತೇನೆ, ಕ್ಷಮಿಸಿ.

ನಮ್ಮದು ಕುಂಬಾರಿಕೆ ಮನೆ. ಅಪ್ಪ ಈಗಲೂ ವರ್ಷಕ್ಕೆ ಒಂದೆರಡು ಆವಿಗೆ (ಮಡಕೆ ಸುಡುವ ಗೂಡು) ಸುಡ್ತಾರೆ. ಬೇಸಿಗೆಯಲ್ಲಿ ಗದ್ದೆಯ ಅಡಿಮಣ್ಣು ತೆಗೆದು ಅಂಗಳದಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ಕಾಲಲ್ಲಿ ತುಳಿದು, ಕೊನೆಗೆ ಕೈಯಲ್ಲಿ ಹಿಸುಕಿ ಹಿಸುಕಿ ಕಲ್ಲು ಹೆಕ್ಕುವುದು. ಶಾಲೆಯಿಂದ ಬಂದ ಕೂಡಲೇ ನಮಗೆ ಅದೇ ಕೆಲಸ. “ಬಿಳಿ ಕಂಡ್ರೆ ಬಿಡ್ಬೇಡ” ಅಂತ ಅಪ್ಪ ದಿನಕ್ಕೆ ಹತ್ತು ಸಲ ಹೇಳುವುದು. ಕ್ಯಾಲ್ಸಿಯಂ ಕಾರ್ಬೊನೇಟ್ ಅವರಿಗೆ ಗೊತ್ತಿಲ್ಲ. ಒಂದು ಚೂರು ಚಿಪ್ಪು ಉಳಿದರೆ ಗಿರಾಕಿ ಮನೆಯಲ್ಲಿ ಸಾರಿನ ಬಿಸಲೆ (ಅಡುಗೆಯ ಮಣ್ಣಿನ ಪಾತ್ರೆ) ತೂತಾಗ್ತದೆ, ಮುಂದಿನ ವರ್ಷ ಅವ ಬರುವುದಿಲ್ಲ, ಇದು ಗೊತ್ತು.

ಅಕ್ಕ ಬೇಕೂಂತ ಚಿಪ್ಪು ಕಲಸಿದ್ದು ಓದಿ ಅಪ್ಪ ನಕ್ಕರು. ನಾನು ನಗಲಿಲ್ಲ. ನಾವು ಮಾಡಿದರೆ ಮಡಕೆ, ಸಂತೆಯಲ್ಲಿ ಚೌಕಾಶಿ. ನೀವು ಮಾಡಿದರೆ ಸೆರಾಮಿಕ್, ಗಾಜಿನ ಪೆಟ್ಟಿಗೆ. ಉದುರಿದರೆ ನಮಗೆ ಬೈಗುಳ, ನಿಮಗೆ ‘ನೆನಪು ಉದುರುವುದು’. ನನ್ನ ಅಪ್ಪನ ಬಿಸಲೆಯಲ್ಲಿ ನೆನಪು ಇಲ್ಲವಾ?

ಹೊಳೆಬದಿ | ಸಂಜೆ 7.30

ತಿಗರಿ ಅಣ್ಣ, ಚುಚ್ಚಿತು. ಚುಚ್ಚಬೇಕಾದ್ದೇ. ಮಣ್ಣು ತರುವಾಗ ಗದ್ದೆಯಲ್ಲಿದ್ದ ಹೆಂಗಸು “ಜರಡಿ ಹಿಡೀರಿ ಮಗ” ಅಂದಿದ್ದರು. ನಾನು “ಇಲ್ಲ, ಹೀಗೇ ಬೇಕು” ಅಂತ ದೊಡ್ಡ ಜನ ಆದೆ. ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಘಟ್ಟದ_ಕೆಳಗೆ (ಉಜಿರೆ) | ರಾತ್ರಿ 8.10

ತಿಗರಿಯವರೇ, ನೀವು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೇನೆ. ನಮ್ಮ ಸುರ್ಯಕ್ಕೆ ಬಂದಿದ್ದೀರಾ ಯಾರಾದರೂ? ಉಜಿರೆಯ ಹತ್ತಿರ, ನಡ ಗ್ರಾಮದ ಸದಾಶಿವ ರುದ್ರ ದೇವಸ್ಥಾನ. ಅಲ್ಲಿ ಹರಕೆ ಅಂದರೆ ಮಣ್ಣಿನ ಗೊಂಬೆ. ಮನೆ ಆಗಬೇಕು ಅಂದವರು ಮಣ್ಣಿನ ಮನೆ, ಮಗು ಬೇಕು ಅಂದವರು ತೊಟ್ಟಿಲು ಮಗು, ಮೈಯ ಯಾವ ಭಾಗಕ್ಕೆ ಕಾಯಿಲೆಯೋ ಆ ಭಾಗ. ಒಪ್ಪಿಸಿದ ಮೇಲೆ ಹರಕೆ ಬನದಲ್ಲಿ ಇಡ್ತಾರೆ. ಮರದ ಕೆಳಗೆ ರಾಶಿ ರಾಶಿ, ಕೆಳಗಿನದ್ದು ಮಳೆಗೆ ಕರಗಿ ಪಾಚಿ ಹಿಡಿದು ಮಣ್ಣಾಗಿದೆ, ಮೇಲಿನದ್ದು ಇವತ್ತಿನದ್ದು.

ಪ್ರಕೃತಿಯೂ ಸ್ವಂತ ನೆನಪೂ ಸೇರಿದ ಮಣ್ಣಿನ ಶಿಲ್ಪ ನೋಡಬೇಕು ಅಂದರೆ ನಾನು ಜೈಪುರಕ್ಕೆ ಹೋಗುವುದಿಲ್ಲ. ಅಲ್ಲಿ ಇರುವ ಒಂದೊಂದು ಗೊಂಬೆಯೂ ಒಬ್ಬೊಬ್ಬರ ಮನೆಯ ಕತೆ. ಯಾರು ಮಾಡಿದ್ದು ಅಂತ ಯಾರೂ ಬರೆದಿಟ್ಟಿಲ್ಲ.

ಬಂಗುಡೆ_ಪುಳಿಮುಂಚಿ | ರಾತ್ರಿ 8.22

ಹಾಗಾದರೆ ಅಕ್ಕನ ಕಾಲನ್ನೂ ಅಲ್ಲಿಗೇ ಕೊಟ್ಟರೆ ಆಯಿತಲ್ಲ! ಮಂಡಿ ನೋವು ಇದ್ದವರ ಹರಕೆ ಅಂತ.

ಹೊಳೆಬದಿ | ರಾತ್ರಿ 8.40

ನಗಬೇಡಿ, ಅಜ್ಜಿಗೆ ಕೊನೆಯ ಆರು ವರ್ಷ ಮಂಡಿ ನೋವೇ. ಹೊಳೆಗೆ ಇಳಿಯಲಿಕ್ಕೆ ಆಗಲಿಲ್ಲ ಅಂತ ದಡದಲ್ಲಿ ಕುರ್ಚಿ ಹಾಕಿ ಕೂತು ಬೇರೆಯವರು ಹೆಕ್ಕಿದ್ದಕ್ಕೆ ಬೈತಿದ್ದರು, ಸಣ್ಣದನ್ನೆಲ್ಲ ತೆಗೀತೀರಿ ಅಂತ.

ಕಾರ್ತಿಕ_ಹುಳ | ರಾತ್ರಿ 9.05

ಮಣ್ಣಿನ ವಿಷಯಕ್ಕೆ ಬಂದರೆ ಹುತ್ತದ ಮಣ್ಣು ಎಲ್ಲಕ್ಕಿಂತ ಒಳ್ಳೆಯದು. ಗೆದ್ದಲು ಜರಡಿ ಹಿಡಿದು ಕೊಟ್ಟ ಹಾಗೆ, ಒಂದು ಕಲ್ಲು ಇರುವುದಿಲ್ಲ.

ಬಾರ್ಕೂರು_ಬಸ್ಸು | ರಾತ್ರಿ 9.08

ಹ್ವಾಯ್, ನಮ್ ಬದಿಗೆ ಹುತ್ತದ್ ಮಣ್ಣ್ ಮುಟ್ಟೂದೇ ಇಲ್ಲ ಕಾಣಿ. ನಿಮ್ಗೆ ಮಣ್ಣಿಗೆ ಅಷ್ಟ್ ಬರ ಬಂದಿತ್ತಾ?

ಕಾರ್ತಿಕ_ಹುಳ | ರಾತ್ರಿ 9.15

ಪಾಳು ಬಿದ್ದ ಹುತ್ತ ಮಾರಾಯ್ರೆ. ರಬ್ಬರ್ ತೋಟದಲ್ಲಿ ಜೆಸಿಬಿ ಬಂದು ತೆಗೆದದ್ದು.

ಬಾರ್ಕೂರು_ಬಸ್ಸು | ರಾತ್ರಿ 9.17

ಪಾಳು ಅಂದೇಳಿ ನೀವ್ ಹೇಳೂದ್. ಒಳಗಿದ್ದವ್ರ್ ಹೇಳ್ಕಲ್ದಾ?

ಘಟ್ಟದ_ಕೆಳಗೆ | ರಾತ್ರಿ 9.25

ಹುತ್ತದ ಮಣ್ಣು ಬಿಡಿ, ಹುತ್ತದ ಆಕಾರ ತೆಗೊಳ್ಳಿ. ಕುಂಬಾರ ಹುಳು ಗೋಡೆಗೆ ಕಟ್ಟುವ ಗೂಡು ನೋಡಿದ್ದೀರಲ್ಲ, ಪುಟ್ಟ ಮಡಕೆ, ಅದಕ್ಕೊಂದು ಕಂಠ. ನಾನು ಮಕ್ಕಳಿಗೆ ಮಣ್ಣಿನ ಪಾಠ ಶುರು ಮಾಡುವುದೇ ಅದನ್ನು ತೋರಿಸಿ. ಅದಕ್ಕೆ ತಿಗರಿ (ಕುಂಬಾರನ ಚಕ್ರ) ಇಲ್ಲ, ನೀರು ಬಾಯಲ್ಲಿ ತರ್ತದೆ, ಉಂಡೆ ಉಂಡೆ ಮಾಡಿ ಸುತ್ತು ಹಾಕ್ತದೆ. ನಾವು ಮಣ್ಣನ್ನು ಬತ್ತಿ ಮಾಡಿ ಸುತ್ತುವ ಪದ್ಧತಿಯೂ ಅದೇ.

ನಿರ್ವಾಹಕ | ರಾತ್ರಿ 9.40

ಹುತ್ತದ ಚರ್ಚೆ ಇಲ್ಲಿಗೆ ಸಾಕು. ನಂಬಿಕೆ ಇದ್ದವರನ್ನು ಕೆಣಕಬೇಡಿ, ಇಲ್ಲದವರನ್ನು ಹೆದರಿಸಬೇಡಿ. ಚಿಪ್ಪಿನ ವಿಷಯಕ್ಕೆ ಬನ್ನಿ.

ಅಂಕೋಲೆ_ಉಪ್ಪು | ರಾತ್ರಿ 9.52

ಚಿಪ್ಪಿನ ವಿಷಯ ಅಂದ ಕೂಡಲೇ ಬಂದೆ. ನಮ್ಮಲ್ಲಿ ಇದಕ್ಕೆ ಬಳಚು ಅಂತಾರೆ. ಮಂಗಳೂರಿನವರು ಮರುವಾಯಿಗೆ ತೆಂಗಿನಕಾಯಿ ಜಾಸ್ತಿ ಹಾಕಿ ರುಚಿ ಕೆಡಿಸ್ತಾರೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಂಗುಡೆ_ಪುಳಿಮುಂಚಿ | ರಾತ್ರಿ 9.54

ಇದನ್ನು ಮಾತ್ರ ಬಿಡಲಿಕ್ಕೆ ಆಗುವುದಿಲ್ಲ. ಸುಕ್ಕಕ್ಕೆ ತೆಂಗಿನಕಾಯಿ ಹಾಕದೆ ಎಂತ ಮುರಕಲ್ಲು ಹಾಕುವುದಾ?

ನಿರ್ವಾಹಕ | ರಾತ್ರಿ 9.55

ಆ ಚಿಪ್ಪಿನ ವಿಷಯ ಅಲ್ಲ!

ಗೂಡುಸುಡುಗಾಡು | ಜೂನ್ 24, ಬೆಳಿಗ್ಗೆ 8.20

ಅಕ್ಕ, ಚಿಪ್ಪು ಬೇಕೇ ಬೇಕು ಅಂದರೆ ದಾರಿ ಉಂಟು. ಹಸಿ ಮಣ್ಣಿಗೆ ಒತ್ತಿ, ಗುರುತು ಬಿದ್ದ ಮೇಲೆ ತೆಗೆದುಬಿಡಿ. ಗೆರೆ ಗೆರೆ ಸಮೇತ ಉಳೀತದೆ. ಹೇಗಿದ್ದರೂ ಒಳಗೆ ಬಿಟ್ಟ ಚಿಪ್ಪು ಒಣಗುವಾಗಲೇ ತೊಂದರೆ ಕೊಡ್ತದೆ, ಮಣ್ಣು ಕುಗ್ತದೆ, ಚಿಪ್ಪು ಕುಗ್ಗುವುದಿಲ್ಲ, ಸುತ್ತ ಬಿರುಕು. ಇನ್ನೊಂದು, ಚಿಪ್ಪನ್ನು ನುಣ್ಣಗೆ ಪುಡಿ ಮಾಡಿ ಗ್ಲೇಜಿಗೆ (ಮೇಲೆ ಹಚ್ಚುವ ಗಾಜಿನಂಥ ಲೇಪಕ್ಕೆ) ಹಾಕಬಹುದು. 1200 ಡಿಗ್ರಿಯ ಮೇಲೆ ಸುಣ್ಣವೇ ಮರಳನ್ನು ಕರಗಿಸುವ ಸಾಮಾನು, ಗಾಜಿನೊಳಗೆ ಸೇರಿ ಹೋದರೆ ಮತ್ತೆ ಉಬ್ಬುವುದಿಲ್ಲ. ಆದರೆ ನಿಮ್ಮ ಗದ್ದೆ ಮಣ್ಣು ಆ ಬಿಸಿಗೆ ನಿಲ್ಲಲಿಕ್ಕಿಲ್ಲ, ಕಬ್ಬಿಣ ಜಾಸ್ತಿ ಇರುವ ಮಣ್ಣು ದೋಸೆ ಹಿಟ್ಟಿನ ಹಾಗೆ ಕೂತುಬಿಡ್ತದೆ. ಬೇರೆ ಮಣ್ಣು ತರಿಸಬೇಕು.

ಹೊಳೆಬದಿ | ಬೆಳಿಗ್ಗೆ 8.45

ಬೇರೆ ಮಣ್ಣು ಬೇಡ. ಬೇರೆ ಮಣ್ಣಲ್ಲಿ ಮಾಡಿದರೆ ಅದು ಯಾರ ಕಾಲೋ ಆಗ್ತದೆ. ಆದರೆ ಗುರುತು ಮಾತ್ರ ಉಳಿದರೆ ಸಾಕಾ ಅಂತಲೂ ಮನಸ್ಸು ಒಪ್ತಾ ಇಲ್ಲ. ಆ ಮನೆಯದ್ದು ಅಂತ ಏನಾದರೂ ಒಂದು ಒಳಗೆ ಇರಬೇಕು. ಹುಚ್ಚು ಅಂದುಕೊಳ್ಳಿ.

ಓಡು_ಮಾಡು | ಬೆಳಿಗ್ಗೆ 11.30

ಹುಚ್ಚಲ್ಲ. ಒಂದು ಪ್ರಶ್ನೆ ಕೇಳ್ತೇನೆ. ಅಜ್ಜಿಯ ಮನೆ ಈಗ ಉಂಟಾ?

ಹೊಳೆಬದಿ | ಬೆಳಿಗ್ಗೆ 11.42

ಇಲ್ಲ. ಮಾರ್ಚಿನಲ್ಲಿ ತೆಗೆದರು, ಮಾವ ತಾರಸಿ ಮನೆ ಕಟ್ಟಿಸ್ತಿದ್ದಾರೆ.

ಓಡು_ಮಾಡು | ಬೆಳಿಗ್ಗೆ 11.50

ಮಾಡಿನ ಹಂಚು?

ಹೊಳೆಬದಿ | ಮಧ್ಯಾಹ್ನ 12.04

ಒಳ್ಳೆಯದನ್ನೆಲ್ಲ ಕೊಟ್ಟಿಗೆಗೆ ಹಾಕಿದರು. ಒಡೆದದ್ದು ತೆಂಗಿನ ಮರದ ಬುಡದಲ್ಲಿ ರಾಶಿ ಬಿದ್ದಿದೆ.

ಓಡು_ಮಾಡು | ಮಧ್ಯಾಹ್ನ 12.40

ಅದನ್ನು ತನ್ನಿ. ತೊಳೆದು ಪಾಚಿ ತೆಗೆದು, ಕುಟ್ಟಿ ಪುಡಿ ಮಾಡಿ, ಜರಡಿ ಹಿಡಿದು ಮಣ್ಣಿಗೆ ಕಲಸಿ. ಐದು ಪಾಲು ಮಣ್ಣಿಗೆ ಒಂದು ಪಾಲಿನ ಹಾಗೆ ಶುರು ಮಾಡಿ ನೋಡಿ. ಹಂಚು ಒಮ್ಮೆ ಸುಟ್ಟದ್ದು, ಕುಗ್ಗುವುದನ್ನು ಆಗಲೇ ಕುಗ್ಗಿ ಮುಗಿಸಿದೆ. ಅದು ಸೇರಿದರೆ ಹೊಸ ಮಣ್ಣು ಕುಗ್ಗುವುದೂ ಕಮ್ಮಿ, ಬಿರುಕೂ ಕಮ್ಮಿ. ಒಳಗಿನ ನೀರು ಹೊರಗೆ ಬರಲಿಕ್ಕೆ ದಾರಿಯೂ ಆಗ್ತದೆ, ಕಡಲಾಮೆಯವರಿಗೂ ಉಪಯೋಗ. ನೀವು ಸುಡುವುದು 980ಕ್ಕೆ ಅಲ್ವಾ, ಹಂಚು ಹೆದರುವ ಬಿಸಿ ಅಲ್ಲ ಅದು.

ಹಂಚು ತಟ್ಟಿ ನೋಡಿ. ಟಣ್ ಅಂದದ್ದು ಚೆನ್ನಾಗಿ ಬೆಂದದ್ದು. ಬೊದ್ದ ಸದ್ದು ಬಂದದ್ದನ್ನು ಬಿಡಿ. ಬಿಳಿ ಕಣ್ಣು ಇದ್ದದ್ದನ್ನೂ ಬಿಡಿ, ತಿಗರಿಯವರ ಅಪ್ಪ ಹೇಳಿದ್ದೇ.

ಹಿಂದೆ ಅಕ್ಷರ ಇರ್ತದೆ, ಕಾರ್ಖಾನೆಯ ಹೆಸರು. ಕುಟ್ಟುವ ಮೊದಲು ಒಂದನ್ನು ಎತ್ತಿಡಿ.

ತಿಗರಿ | ಮಧ್ಯಾಹ್ನ 1.15

ಓಡು_ಮಾಡು ಸರ್ ಹೇಳಿದ್ದು ಸರಿ. ನಾವೂ ಒಡೆದ ಮಡಕೆ ಪುಡಿ ಹಾಕ್ತೇವೆ.

ಮಣ್ಣುತಿನ್ನಿ | ಮಧ್ಯಾಹ್ನ 1.32

ಇದು ನನ್ನ ಫೋಟೊ ಉಪಾಯಕ್ಕಿಂತ ಒಳ್ಳೆಯದು, ಒಪ್ಪಿದೆ. ಆದರೂ ಹಳೆಯದನ್ನು ಬಿಸಾಡಬೇಡಿ ಅಕ್ಕ.

ಹೊಳೆಬದಿ | ಆಗಸ್ಟ್ 9, ರಾತ್ರಿ 9.30

ಏನಾಯಿತು ಅಂತ ಮೂರು ಜನ ಕೇಳಿದ್ದೀರಿ, ಅದಕ್ಕೆ ಬರೀತಿದ್ದೇನೆ.

ಹಳೆಯ ಕಾಲನ್ನು ಎರಡು ದಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಮೊದಲ ಗಂಟೆಯಲ್ಲೇ ನಾಲ್ಕು ಚಕ್ಕೆ ಬಿಟ್ಟಿತು, ನೀರು ಮಜ್ಜಿಗೆಯ ಹಾಗೆ ಆಯಿತು. ಆಮೇಲೆ ಸದ್ದಿಲ್ಲ. ಈಗ ಒಣಗಿ ಕಪಾಟಿನ ಮೇಲೆ ಕೂತಿದೆ, ಹೆಬ್ಬೆರಳಿಲ್ಲದೆ. ಅಂಟು ಹಾಕಲಿಲ್ಲ. ಮಣ್ಣುತಿನ್ನಿ ಖುಷಿ ಪಡಬೇಡ, ಆಲಸ್ಯ ಅಷ್ಟೆ.

ಹಂಚು ತರಲಿಕ್ಕೆ ಅಮ್ಮನ ಜೊತೆ ಹೋದೆ. ಒಂದು ಗೋಣಿ ತಂದದ್ದು. ಕಡೆಯುವ ಕಲ್ಲಿನ ಪಕ್ಕದ ಒರಳಲ್ಲಿ ಅಮ್ಮನೇ ಕುಟ್ಟಿದರು, ನನಗೆ ಕೊಡಲಿಲ್ಲ. ಪಕ್ಕದ ಮನೆಯವರು ಬೇಲಿಯಿಂದ “ಎಂತ, ಮಸಾಲೆಯಾ?” ಅಂದರು. ಅಮ್ಮ “ಹೌದು, ನಮ್ಮ ಮಾಡಿನದ್ದು” ಅಂದರು. ಸಣ್ಣವಳಿದ್ದಾಗ ಮಳೆಗೆ ಯಾವ ಯಾವ ಹಂಚು ಸೋರ್ತಿತ್ತು, ಯಾವ ಪಾತ್ರೆ ಎಲ್ಲಿ ಇಡ್ತಿದ್ದರು ಅಂತ ಕುಟ್ಟುತ್ತಾ ಹೇಳಿದರು. ಆ ಲೆಕ್ಕ ನಾನು ಇದಕ್ಕೆ ಮೊದಲು ಕೇಳಿರಲಿಲ್ಲ.

ಮಣ್ಣು ಈ ಸಲ ಜರಡಿ ಹಿಡಿದೆ, ಮೂರು ಸಲ. ಚಿಪ್ಪು ಒತ್ತಿ ತೆಗೆದೆ. ಪಾದ ಒಳಗೆ ಟೊಳ್ಳು, ಹಿಮ್ಮಡಿಯ ಅಡಿಯಲ್ಲಿ ತೂತು. ಬಚ್ಚಲಿನ ಅಟ್ಟದಲ್ಲಿ ಐದು ವಾರದಿಂದ ಒಣಗ್ತಾ ಇದೆ, ಕೆನ್ನೆಗೆ ಇನ್ನೂ ತಣ್ಣಗೆ. ಫೋಟೊ ಹಾಕಿದ್ದೇನೆ.

ಕಡಲಾಮೆ | ರಾತ್ರಿ 9.48

ಅವಸರ ಮಾಡಬೇಡಿ. ಚೌತಿ ಕಳೀಲಿ.

ಬಂಗುಡೆ_ಪುಳಿಮುಂಚಿ | ರಾತ್ರಿ 9.50

ಗಾಳಿ ಗುಳ್ಳೆ ನೋಡಿಕೊಳ್ಳಿ 😄

ತಿಗರಿ | ಆಗಸ್ಟ್ 10, ಬೆಳಿಗ್ಗೆ 7.10

ಅಕ್ಕ, ಅಪ್ಪನಿಗೆ ಫೋಟೊ ತೋರಿಸಿದೆ. ದೀಪಾವಳಿ ಕಳೆದು ಆವಿಗೆ ಸುಡುವುದು ಉಂಟು, ಬೇಕಾದರೆ ತರಲಿ ಅಂದರು. ಮಡಕೆಗಳ ನಡುವೆ ಜಾಗ ಮಾಡಿ ಕೊಡ್ತಾರಂತೆ. ಬಿಸಿ ಮೆಲ್ಲ ಏರ್ತದೆ, ಒಂದು ಬದಿಗೆ ಹೊಗೆ ಹೊಡೆದು ಕಪ್ಪಾದರೆ ಬೇಸರ ಮಾಡಬಾರದು.

ಇನ್ನೊಂದು ಹೇಳಿದರು. ಕಾಲಿನ ಬೆರಳು ಸರಿ ಆಗಲಿಲ್ಲ ಅಂತೆ. ಕೆಸರಲ್ಲಿ ನಡೆದು ಹಳಬರಾದವರ ಹೆಬ್ಬೆರಳು ಹಾಗೆ ಒತ್ತಿಕೊಂಡು ಇರುವುದಿಲ್ಲ, ಹೊರಗೆ ಬಿಚ್ಚಿಕೊಂಡಿರ್ತದೆ, ಮಧ್ಯೆ ಒಂದು ಬೆರಳು ಹೋಗುವಷ್ಟು ಜಾಗ ಇರ್ತದೆ ಅಂದರು. ಇದು ಚಪ್ಪಲಿ ಹಾಕಿದವರ ಕಾಲು ಅಂತೆ.

ಹೊಳೆಬದಿ | ಬೆಳಿಗ್ಗೆ 7.25

ಅಜ್ಜಿಯದ್ದು ಹಾಗೇ ಇತ್ತು. ಆ ಸಂದಿಯಲ್ಲೇ ಮರುವಾಯಿ ಹಿಡಿದು ಮೇಲೆ ತರ್ತಿದ್ದರು.

ನಾನು ನನ್ನ ಕಾಲು ನೋಡಿಕೊಂಡು ಮಾಡಿದ್ದು.